ಬರಿಗಾಲಲ್ಲಿ ಬಂದ ಪೊಲೀಸ್

ಸಹಿ ಮಾಡಿದರೆ ತಮ್ಮನಿಗೂ ಲಾಠಿ ಏಟು ಬೀಳುತ್ತದೆಯೇ? ಗದ್ವಾಲದ ನೇಕಾರ ಮಾರ್ಕಂಡೇಯನ ಪೆನ್ನು ದೂರಿನ ಕಾಗದದ ಮೇಲೆಯೇ ನಿಂತಿತ್ತು. ಸೀರೆಯ ಹಾಸುನೂಲು ಎಳೆದು ಕಟ್ಟುವ ಅವನ ಅಂಗಳದಲ್ಲಿ ನಾಲ್ವರು ಹಗಲಲ್ಲೇ ಕುಡಿಯುತ್ತ ಕುಳಿತಿದ್ದರು. ಅವರು ಒಡೆದ ಸೀಸೆಯ ಚೂರು ತಾಗಿ ನಿನ್ನೆ ಮದುವೆ ಸೀರೆಯ ರೇಷ್ಮೆ ಎಳೆಗಳು ತುಂಡಾಗಿದ್ದವು. ನಾಲ್ವರಲ್ಲಿ ಒಬ್ಬ, ಪಾಲು ತೆಗೆದುಕೊಂಡು ಬೇರೆಯಾಗಿದ್ದ ತಮ್ಮ ನರೇಂದ್ರ.

“ಜಾಗ ನಿಮ್ದೈತಿ ಅಂತ ಬರದುಕೊಡ್ರಿ ಅಣ್ಣಾ. ಅದಿಲ್ದ ನಾವು ಒಳಗ ಬಂದು ಎಬ್ಬಿಸಾಕ ಆಗಂಗಿಲ್ಲ,” ಎಂದ ಹೊಸದಾಗಿ ಬಂದ ಕಾನ್‌ಸ್ಟೇಬಲ್ ಗುರುಲಿಂಗ. ಮಾರ್ಕಂಡೇಯ ಸಹಿ ಹಾಕಿದ.

ಗುರುಲಿಂಗ ಅಂಗಳದ ಅಂಚಿನಲ್ಲಿ ಕುಳಿತು ಬೂಟಿನ ದಾರ ಬಿಚ್ಚತೊಡಗಿದ. ಹಾಸು ಎಳೆಯುವ ನೆಲವನ್ನು ನೇಕಾರರು ಚಪ್ಪಲಿ ಹಾಕಿಕೊಂಡು ತುಳಿಯುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಲಾಠಿಯನ್ನು ಬೂಟಿನ ಪಕ್ಕ ಇಟ್ಟು, ಗಾಜು ನೋಡಿಕೊಳ್ಳುತ್ತ ಬರಿಗಾಲಲ್ಲಿ ನಡೆದ.

“ಏನ್ ಸಾರ್, ಪೂಜಿಗೆ ಬಂದ್ರೇನು?” ಒಬ್ಬ ನಕ್ಕ.

“ಹೌದಪ್ಪ. ಗಾಜು ಆರ್ಸಿ ಹೊಂಡ್ರಿ. ನಾಳಿ ಕುಂತಿದ್ರ ಬೂಟು ಹಾಕ್ಕೊಂಡೇ ಬರ್ತೀನಿ.”

ಮೊದಲು ಬಾಗಿದವನು ನರೇಂದ್ರ. ಚಪ್ಪಲಿ ಕಳಚಿ, ತಲೆ ಎತ್ತದೆ ಚೂರು ಆರಿಸಿದ.

ಮಾರ್ಕಂಡೇಯ ಗುರುಲಿಂಗನಿಗೆ ಎರಡೂ ಕೈ ಜೋಡಿಸಿದ. ಆ ನಾಲ್ವರಲ್ಲೊಬ್ಬ ತನ್ನ ತಮ್ಮನೆಂದು ಮಾತ್ರ ಅವನಿಗೆ ಎಂದೂ ಹೇಳಲಿಲ್ಲ.