ಬಾಗಿಲ ಮೇಲಿನ ಇದ್ದಿಲ ಗೆರೆ

ಡಾರ್ಲಿಂಗ್ ನದಿ ದಡದ ಕುರಿ ಶೆಡ್ಡಿನಲ್ಲಿ ವಸಂತದ ಉಣ್ಣೆ ಕತ್ತರಿಕೆ ಭರದಿಂದ ನಡೆದಿತ್ತು. ಮೂಗು ಕಟ್ಟಿ ಹಣೆ ಸಿಡಿಯುತ್ತಿದ್ದ ಡಾರ್ಸಿ ಮಾತ್ರ ತನ್ನ ಕತ್ತರಿ ಯಂತ್ರವನ್ನು ಚೀಲಕ್ಕೆ ತುಂಬುತ್ತಿದ್ದ. “ಉಣ್ಣೆ ಧೂಳು ನಿನಗೆ ಆಗಿಬರಲ್ಲಪ್ಪ, ಕಸುಬು ಬಿಡು,” ಎಂದು ಆಗಷ್ಟೇ ಹೇಳಿ ಹೊರಡಲು ಎದ್ದಿದ್ದರು ತಿಂಗಳಿಗೊಮ್ಮೆ ಬರುವ ಡಾಕ್ಟರು.

“ಸ್ವಲ್ಪ ತಡೀರಿ ಡಾಕ್ಟ್ರೇ!” ಅಡುಗೆಯ ಎಡ್ನಾ ಬಾಗಿಲ ಹಿಂದಿನ ಇದ್ದಿಲ ಗೆರೆಗಳನ್ನು ತೋರಿಸಿದಳು. “ಈ ಮಹಾರಾಯ ಮೂಗಿನ ಸೋಂಕಿಗೆ ಮಾತ್ರೆ ಶುರುಮಾಡಿದಾಗೆಲ್ಲ ಒಂದೊಂದು ಎಳೆದಿದೀನಿ. ವರ್ಷಕ್ಕೆ ಒಂಬತ್ತು. ಅದರಲ್ಲಿ ಐದು, ಇವನು ಶೆಡ್ಡು ಬಿಟ್ಟು ಬೇಲಿ ಕಟ್ತಿದ್ದ ತಿಂಗಳುಗಳಲ್ಲಿ. ಅಲ್ಲೆಲ್ಲಿತ್ತು ಉಣ್ಣೆ?”

ಡಾಕ್ಟರು ಗೆರೆಗಳ ಮೇಲೆ ಬೆರಳಾಡಿಸಿ ಸೂಜಿ ತೆಗೆದರು. “ಹಾಗಾದ್ರೆ ರೋಗ ತಡೆಯೋ ಶಕ್ತೀನೇ ರಕ್ತದಲ್ಲಿ ಕಮ್ಮಿ ಇರಬಹುದು. ಪರೀಕ್ಷೆ ಮಾಡೋಣ. ಅದಕ್ಕೆ ಔಷಧಿ ಇದೆ. ಸದ್ಯ ಕಸುಬು ಬಿಡಬೇಡ.”

“ಬಾಗಿಲು ಹೊಲಸು ಮಾಡ್ತೀಯ ಅಂತ ಬೈತಿದ್ದೆ. ನಿನ್ನ ಋಣ ಹೇಗೆ ತೀರಿಸ್ಲಿ?” ಎಂದ ಡಾರ್ಸಿ, ಎಡ್ನಾ ಕಡೆ ತಿರುಗಿ.

“ಮೊದಲು ಮೂಗು ಒರೆಸ್ಕೊ. ಆಮೇಲೆ ಬಾಗಿಲಿಗೆ ಬಣ್ಣ ಹೊಡಿ.”

ಡಾರ್ಸಿ ಯಂತ್ರವನ್ನು ಮತ್ತೆ ಮೊಳೆಗೆ ತೂಗುಹಾಕಿದ. ಬಾಗಿಲಿಗೆ ಮಾತ್ರ ಅವನು ಎಂದೂ ಬಣ್ಣ ಹೊಡೆಯಲಿಲ್ಲ.