ಕಾಲುದಾರಿಗೆ ಕಾಯಿ

ಪೂಜೆಯ ತೆಂಗಿನಕಾಯಿ ಹಿಡಿದ ಸಾವಿತ್ರವ್ವನ ಕೈ ಮೇಲೇರಿದ್ದೇ ತಡ, ಮಗ ಸುನಿಲಕುಮಾರ ಚೀರಿದ: "ಹೊಸಾ ದಾರಿ ಮ್ಯಾಲೆ ಬ್ಯಾಡಬೇ!" ಜರ್ಮನಿಯ ಎರ್ಲಾಂಗೆನ್ ಊರಿನ ಮನೆಯ ಹಿತ್ತಲಲ್ಲಿ, ಆಫೀಸಿಗೆ ರಜೆ ಹಾಕಿ, ಅವನೇ ಕೈಯಾರೆ ಮಾಡಿದ ಕಾಂಕ್ರೀಟ್ ಕಾಲುದಾರಿ ಅದು.

ಸಾವಿತ್ರವ್ವನಿಗೆ ಆ ದಾರಿ ಮೊದಲೇ ಸೇರಿರಲಿಲ್ಲ. ಹಳೆಯ ಸಿಮೆಂಟ್ ಅಂಗಳಕ್ಕೂ ಅದಕ್ಕೂ ನಡುವೆ ಮಗ ಬೆರಳಗಲ ಸಂದಿ ಬಿಟ್ಟು ಫೋಮ್ ಪಟ್ಟಿ ತುರುಕಿದ್ದ. "ಇಂಜಿನಿಯರ್ ಆಗಿ ಎರಡೂ ಕೂಡಸಾಕ ಬರಲಿಲ್ಲೇನೋ?" ಎಂದಳು, ಎತ್ತಿದ ಕೈ ಇಳಿಸದೆ.

"ಕೂಡಿಸಬಾರದಬೇ. ಚಳಿಗಾಲದಾಗ ನೆಲ ಹೆಪ್ಪುಗಟ್ಟಿ ಉಬ್ಬತೈತಿ. ಅಂಟಿಸಿದ್ರ ಒಂದರ ಬಿರುಕು ಇನ್ನೊಂದಕ್ಕ ಹೋಗತೈತಿ."

"ಆತು, ಹಳೇದರ ಮ್ಯಾಲೇ ಒಡೀತೀನಿ ತಗೋ." ಅವ್ವ ಕಾಯಿಯನ್ನು ಅಂಗಳದ ಅಂಚಿಗೆ ಕುಕ್ಕಿದಳು. ಫಟ್ ಎಂದಿತು. ಅಂಗಳದಲ್ಲಿ ಬಿರುಕೊಂದು ಸರ್ರನೆ ಹರಿದು ಬಂದು ಫೋಮ್ ಪಟ್ಟಿಯ ಬಳಿ ನಿಂತೇಬಿಟ್ಟಿತು. ಹೊಸ ದಾರಿಗೆ ಒಂದು ಗೀರೂ ಇಲ್ಲ.

"ನೋಡಬೇ! ಸಂದಿ ಕೆಲಸ ಮಾಡ್ತು!" ಅಂಗಳ ಒಡೆದದ್ದನ್ನೂ ಮರೆತು ಸುನಿಲಕುಮಾರ ಕುಣಿದಾಡಿದ.

ಸಾವಿತ್ರವ್ವ ಕಾಯಿಯನ್ನು ಹೊರಳಿಸಿ ಹೊರಳಿಸಿ ನೋಡಿದಳು. ಎಲ್ಲೂ ಸೀಳಿರಲಿಲ್ಲ. ಮತ್ತೆ ಕೈ ಎತ್ತಿದಳು.

"ಕಾಯಿ ಒಡದಿಲ್ಲಪಾ. ಈಗ ಎಲ್ಲಿ ಒಡೀಲಿ, ಹೇಳು."