ಒಂದೇ ತೊಟ್ಟಿ

ಯಜಮಾನರು ಸಾಕಿದ ಎರಡು ಆಮೆಗಳಲ್ಲಿ ಚಿಕ್ಕದು ವಾರದಿಂದ ಸೊಪ್ಪು ಮುಟ್ಟಿರಲಿಲ್ಲ. ಪಶುವೈದ್ಯರನ್ನು ಮನೆಗೇ ಕರೆಸಿದರು.

“ಎಷ್ಟು ಅನ್ಯೋನ್ಯವಾಗಿವೆ ನೋಡಿ ಡಾಕ್ಟ್ರೇ, ಸದಾ ಒಂದರ ಮೇಲೊಂದು.”

“ಅನ್ಯೋನ್ಯ ಅಲ್ಲ, ದಬ್ಬಾಳಿಕೆ. ದೊಡ್ಡದು ಚಿಕ್ಕದನ್ನ ತಿನ್ನೋಕೇ ಬಿಡ್ತಿಲ್ಲ, ಹತ್ತಿರ ಹೋದ್ರೆ ಕಾಲು ಕಚ್ಚುತ್ತೆ. ತಟ್ಟೆ, ತೊಟ್ಟಿ ಎಲ್ಲ ಬೇರೆ ಮಾಡಿ.”

“ಈ ಸೂರಿನಡಿ ಮೂವತ್ತು ವರ್ಷದಿಂದ ಒಂದೇ ಒಲೆ. ಈಗ ಎರಡು ತೊಟ್ಟಿ ಇಡಲಾ? ಹೊಂದಿಕೊಂಡು ಹೋಗೋದು ಕಲೀಲಿ.”

“ಹಾಗಾದ್ರೆ ಇನ್ನು ಹದಿನೈದು ದಿನಕ್ಕೆ ಒಂದೇ ಉಳಿಯುತ್ತೆ.”

ಯಜಮಾನರು ಬೆವರಿದರು. ಸಾಕಿದ ಆಮೆ ಸತ್ತರೆ ಮನೆಗೆ ಕೇಡೆಂದು ಅವರ ನಂಬಿಕೆ.

ಅಡುಗೆಮನೆಯ ಬಾಗಿಲಲ್ಲಿ ಇಬ್ಬರು ಸೊಸೆಯರೂ ನಿಂತಿದ್ದರು. ಮನೆಮಂದಿಗೆಲ್ಲ ಬಡಿಸುವವಳು ಹಿರಿಯವಳು. ಕೊನೆಗೆ ಪಾತ್ರೆಯ ತಳ ಕೆರೆದು ಉಣ್ಣುವವಳು ಕಿರಿಯವಳು.

ಕಿರಿಯವಳು ಮೆಲ್ಲಗೆ ಹೇಳಿದಳು: “ಮಾವ, ಇವರ ಆಫೀಸಿನ ಹತ್ರ ಒಂದು ಸಣ್ಣ ಮನೆ ಖಾಲಿ ಇದೆಯಂತೆ. ಚಿಕ್ಕದನ್ನ ಕರ್ಕೊಂಡು ಹೋಗಿ ನಾವಿಬ್ರೂ ಅಲ್ಲಿ ನೋಡ್ಕೋತೀವಿ.”

“ಆಮೆಗೋಸ್ಕರ ಅಂದ್ರೆ ಸರಿ. ಬೇರೆ ಹೋದ್ರು ಅಂತ ಮಾತ್ರ ಯಾರೂ ಅನ್ನಬಾರದು.”

ತಿಂಗಳಾದ ಮೇಲೆ ಯಜಮಾನರು ಫೋನ್ ಮಾಡಿದರು.

“ಏನಮ್ಮಾ, ಆಮೆ ತಿಂತಿದೆಯಾ?”

“ಹಾಕಿದ್ದೆಲ್ಲ ತಿಂತಿದೆ ಮಾವ. ನಾನೂ ಹೊಟ್ಟೆ ತುಂಬ ಉಣ್ತಿದ್ದೀನಿ.”

“ಮತ್ತೆ ವಾಪಸ್ ಬರೋದು ಯಾವಾಗ?”

“ಅವೆರಡನ್ನೂ ಬದುಕಿರೋವರೆಗೆ ಜೊತೆಗಿಡಲೇಬಾರದಂತೆ ಮಾವ, ಡಾಕ್ಟ್ರು ಹೇಳಿದ್ರು. ಆಮೆ ನೂರು ವರ್ಷ ಬದುಕುತ್ತಂತೆ.”